ಶೇಡಿ ಮಣ್ಣಿನಿಂದ ಜಿಯೋಲೈಟ್: ನೀರಿನಲ್ಲಿರುವ ಲೋಹ ಹಿಡಿಯುವ ಪುಡಿ ಮಾಡುವ ಬಗೆ

ಕರಾವಳಿಯಲ್ಲಿ ಬಾವಿ ತೋಡುವವರಿಗೆ ಶೇಡಿ ಮಣ್ಣು ಅಂದರೆ ಆಗದು. ಮೇಲಿನ ಮುರಕಲ್ಲು ದಾಟಿದ ಮೇಲೆ ಬಿಳಿ, ಹಳದಿ, ನಸುಗೆಂಪು ಬಣ್ಣದ ಈ ನುಣುಪು ಮಣ್ಣು ಸಿಗುತ್ತದೆ. ಒಣಗಿದ್ದಾಗ ಗಟ್ಟಿಯಾಗಿ ನಿಲ್ಲುತ್ತದೆ, ನೀರು ಕುಡಿದರೆ ಜಾರಿ ಕುಸಿಯುತ್ತದೆ. ಹೀಗೆ ಬೈಸಿಕೊಳ್ಳುವ ಮಣ್ಣಿನಲ್ಲಿ ಕಯೋಲಿನೈಟ್ ಎಂಬ ಖನಿಜ ಚೆನ್ನಾಗಿ ತುಂಬಿರುತ್ತದೆ. ಅದನ್ನು ಸುಟ್ಟು, ಕಾಸ್ಟಿಕ್ ಸೋಡಾದಲ್ಲಿ ಬೇಯಿಸಿದರೆ ಜಿಯೋಲೈಟ್ ಆಗುತ್ತದೆ. ನೀರಿನಲ್ಲಿ ಕರಗಿರುವ ಸೀಸ, ತಾಮ್ರ, ಸತು, ಕ್ಯಾಡ್ಮಿಯಂಗಳನ್ನು ಈ ಪುಡಿ ಹಿಡಿದುಕೊಳ್ಳುತ್ತದೆ.

ನಾನು ಪದವಿ ವಿದ್ಯಾರ್ಥಿಗಳಿಗೆ ರಸಾಯನಶಾಸ್ತ್ರ ಹೇಳಿಕೊಡುವವನು. ಪ್ರತಿ ವರ್ಷ ಯಾರಾದರೂ ಒಂದು ತಂಡ ಈ ಪ್ರಾಜೆಕ್ಟ್ ಕೈಗೆತ್ತಿಕೊಳ್ಳುತ್ತದೆ. ಪುಡಿ ಮಾಡುವುದು ಕಷ್ಟವೇ ಅಲ್ಲ, ತೊಳೆದ ಮಣ್ಣು ಕೈಯಲ್ಲಿದ್ದರೆ ಮೂರು ದಿನದ ಕೆಲಸ. ಕೈಗೆ ಬಂದದ್ದು ನಿಜವಾಗಿ ಜಿಯೋಲೈಟ್ ಹೌದೋ ಅಲ್ಲವೋ, ಲೋಹವನ್ನು ಹಿಡಿದದ್ದು ಅದೇ ಹೌದೋ ಅಲ್ಲವೋ ಎಂದು ತೋರಿಸುವಲ್ಲಿ ಹೆಚ್ಚಿನವರು ಎಡವುತ್ತಾರೆ. ಹಾಗಾಗಿ ಆ ಭಾಗವನ್ನು ಇಲ್ಲಿ ಜಾಸ್ತಿ ಬರೆದಿದ್ದೇನೆ.

ಒಳಗೆ ಏನಿದೆ

1756ರಲ್ಲಿ ಸ್ವೀಡನ್ನಿನ ಖನಿಜ ತಜ್ಞ ಆಕ್ಸೆಲ್ ಕ್ರೋನ್‌ಸ್ಟೆಡ್ ಒಂದು ಕಲ್ಲನ್ನು ಕಾಯಿಸಿದಾಗ ಅದು ಆವಿ ಬಿಡುತ್ತಾ ನೊರೆಯಂತೆ ಉಬ್ಬಿತು. ಗ್ರೀಕ್ ಭಾಷೆಯಲ್ಲಿ 'ಕುದಿಯುವ ಕಲ್ಲು' ಎಂಬ ಅರ್ಥದಲ್ಲಿ ಅವನು ಅದಕ್ಕೆ ಜಿಯೋಲೈಟ್ ಎಂದು ಹೆಸರಿಟ್ಟ. ದಖ್ಖನ್ನಿನ ಕರಿಕಲ್ಲಿನ ಪೊಳ್ಳುಗಳಲ್ಲೂ ಇಂಥ ಹರಳುಗಳು ಸಿಗುತ್ತವೆ. ಪುಣೆ, ನಾಸಿಕ್ ಕಡೆಯವು ಲೋಕಕ್ಕೆಲ್ಲ ಹೆಸರುವಾಸಿ. ನಾವು ಮಾಡಹೊರಟಿರುವ 'ಜಿಯೋಲೈಟ್ ಎ' ಮಾತ್ರ ಪ್ರಯೋಗಾಲಯದಲ್ಲಿ ಹುಟ್ಟಿದ ಹರಳು.

ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಕಟ್ಟಿದ ಗೂಡು ಎಂದುಕೊಳ್ಳಿ. ಗೂಡಿನ ಒಳಗಿನ ಕೋಣೆ ಸುಮಾರು 11 ಆಂಗ್‌ಸ್ಟ್ರಾಂ (ಒಂದು ಆಂಗ್‌ಸ್ಟ್ರಾಂ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು) ಅಗಲ, ಒಳಹೋಗುವ ಕಿಂಡಿ ಸುಮಾರು 4 ಆಂಗ್‌ಸ್ಟ್ರಾಂ. ಪ್ರತಿ ಅಲ್ಯೂಮಿನಿಯಂಗೆ ಒಂದರಂತೆ ಗೂಡಿಗೆ ಋಣ ವಿದ್ಯುದಂಶ ಬರುತ್ತದೆ. ಅದನ್ನು ಸರಿದೂಗಿಸಲು ಒಳಗೆ ಸೋಡಿಯಂ ಅಯಾನು, ಅಂದರೆ ಧನ ವಿದ್ಯುದಂಶ ಹೊತ್ತ ಸೋಡಿಯಂ ಕಣ, ಕೂತಿರುತ್ತದೆ. ಆದರೆ ಅದಕ್ಕೆ ಅಲ್ಲಿ ಗಟ್ಟಿ ಹಿಡಿತ ಇಲ್ಲ. ಸೀಸದ ಅಯಾನು ಬಂದರೆ ಎರಡು ಸೋಡಿಯಂ ಹೊರಗೆ, ಒಂದು ಸೀಸ ಒಳಗೆ. ಬಸ್ಸಿನಲ್ಲಿ ಸೀಟು ಬದಲಾದ ಹಾಗೆ.

ಈ ಲೆಕ್ಕ ಕಾಗದದ ಮೇಲೂ ಮಾಡಬಹುದು. ತೇವಾಂಶ ಸೇರಿದ ಜಿಯೋಲೈಟ್ ಎ ಒಂದು ಗ್ರಾಂಗೆ ಸುಮಾರು 5.5 ಮಿಲಿ ಈಕ್ವಿವಲೆಂಟ್ (ಅಯಾನುಗಳನ್ನು ಅವುಗಳ ವಿದ್ಯುದಂಶದ ಲೆಕ್ಕದಲ್ಲಿ ಎಣಿಸುವ ಅಳತೆ) ಅಯಾನು ವಿನಿಮಯ ಮಾಡಬಲ್ಲದು. ತಾಮ್ರದಲ್ಲಿ ಹೇಳುವುದಾದರೆ 174 ಮಿಲಿಗ್ರಾಂ, ಸೀಸದಲ್ಲಿ 565 ಮಿಲಿಗ್ರಾಂ ಚಿಲ್ಲರೆ. ಇದು ಮೇಲ್ಮಿತಿ, ಕೈಗೆ ಸಿಗುವುದು ಕಮ್ಮಿ. ಹಸಿ ಕಯೋಲಿನೈಟ್‌ನ ಸಾಮರ್ಥ್ಯ 100 ಗ್ರಾಂಗೆ 3ರಿಂದ 15 ಮಿಲಿ ಈಕ್ವಿವಲೆಂಟ್ ಅಷ್ಟೇ. ಇಷ್ಟು ತಾಪತ್ರಯ ಯಾಕೆ ಪಡಬೇಕು ಎನ್ನುವುದಕ್ಕೆ ಉತ್ತರ ಅಲ್ಲೇ ಇದೆ.

ಇದರಿಂದ ಆಗದ ಕೆಲಸ

ಗೂಡು ಋಣ, ಹಾಗಾಗಿ ಅದು ಹಿಡಿಯುವುದು ಧನ ಅಯಾನುಗಳನ್ನು ಮಾತ್ರ. ಪಾವಗಡ, ಕೋಲಾರದ ಬೋರ್‌ವೆಲ್ ನೀರಿನ ಫ್ಲೋರೈಡ್ ಋಣ ಅಯಾನು. ರಾಯಚೂರು, ಯಾದಗಿರಿಯ ಚಿನ್ನದ ಪಟ್ಟಿಯ ಅಂತರ್ಜಲದಲ್ಲಿರುವ ಆರ್ಸೆನಿಕ್ ಕೂಡ ಹೆಚ್ಚಾಗಿ ಋಣ ರೂಪದಲ್ಲೇ ಇರುತ್ತದೆ. ಲೋಹಲೇಪನ ಘಟಕಗಳ ಹಳದಿ ಕ್ರೋಮಿಯಂ, ಅಂದರೆ ಕ್ರೋಮೇಟ್, ಅದೂ ಋಣವೇ. ಈ ಮೂರಕ್ಕೂ ಬರಿಯ ಜಿಯೋಲೈಟ್ ಎ ಉಪಯೋಗಕ್ಕೆ ಬಾರದು. 'ಲೋಹ ತೆಗೆಯುವ ಪುಡಿ' ಎಂದು ಕೇಳಿದ ಕೂಡಲೇ ಊರಿನ ಫ್ಲೋರೈಡ್ ನೀರು ಬಾಟಲಿಯಲ್ಲಿ ತುಂಬಿಕೊಂಡು ಬರುವವರಿದ್ದಾರೆ. ಅವರನ್ನು ವಾಪಸ್ ಕಳಿಸುವುದು ಬೇಸರದ ಕೆಲಸ, ಆದರೆ ಕಳಿಸಲೇಬೇಕು.

ಇನ್ನೊಂದು ಮಾತು. ಇಲ್ಲಿ ಮಾಡುವ ಪುಡಿ ಕಲಿಕೆಗೆ ಮತ್ತು ಪ್ರಯೋಗಕ್ಕೆ. ಇದರಲ್ಲಿ ಸೋಸಿದ ನೀರನ್ನು ಕುಡಿಯಬೇಡಿ. ಕುಡಿಯುವ ನೀರಿನಲ್ಲಿ ಸೀಸ ಲೀಟರಿಗೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂ 0.003 ಮಿಲಿಗ್ರಾಂ ಮೀರಬಾರದು ಎಂದು ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಹೇಳುತ್ತದೆ. ಅಷ್ಟು ಸಣ್ಣ ಅಂಕಿ ಮುಟ್ಟಿದೆಯೇ ಎಂದು ಕಣ್ಣಿನಿಂದ ಹೇಳಲಾಗದು. ಮೇಲಾಗಿ ಪುಡಿಯಿಂದ ಅಲ್ಯೂಮಿನಿಯಂ ಮತ್ತು ಕ್ಷಾರ ನೀರಿಗೆ ಇಳಿಯಬಹುದು.

ಯಾವ ಮಣ್ಣು ಆಗುತ್ತದೆ

ಜಿಯೋಲೈಟ್ ಎ ಹರಳಿನಲ್ಲಿ ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಸಮಸಮ. ಕಯೋಲಿನೈಟ್‌ನಲ್ಲೂ ಸಮಸಮ. ಹಾಗಾಗಿ ಹೊರಗಿನಿಂದ ಏನನ್ನೂ ಸೇರಿಸಬೇಕಾಗಿಲ್ಲ, ಕಾಸ್ಟಿಕ್ ಒಂದಿದ್ದರೆ ಸಾಕು. ಈ ಕೆಲಸಕ್ಕೆ ಕಯೋಲಿನ್ ಜಾತಿಯ ಮಣ್ಣು ಅಷ್ಟು ಚೆನ್ನಾಗಿ ಒಗ್ಗುವುದು ಇದೇ ಕಾರಣಕ್ಕೆ.

ಮೊದಲ ಸಲ ಮಾಡುವವರು ಅಂಗಡಿಯ ತೊಳೆದ ಚೀನೀ ಮಣ್ಣನ್ನೇ ತೆಗೆದುಕೊಳ್ಳಿ. ಪಿಂಗಾಣಿ ಸಾಮಾನು ಮಾಡುವವರಿಗೆ ಮಾರುವ ಬಿಳಿ ಕಯೋಲಿನ್ ಸಾಕು. ಕೇರಳದ ಕುಂದರ, ಗುಜರಾತಿನ ಕಚ್ಛ್ ಕಡೆಯಿಂದ ಬರುವ ಮಾಲು ಚೆನ್ನಾಗಿರುತ್ತದೆ. ಒಮ್ಮೆ ಕೈ ಪಳಗಿದ ಮೇಲೆ ಶೇಡಿಗೆ ಬನ್ನಿ. ಶೇಡಿಯಲ್ಲಿ ಕಯೋಲಿನೈಟ್ ಜೊತೆ ನುಣುಪು ಮರಳು ಮತ್ತು ಕಬ್ಬಿಣದ ಅಂಶ ಇರುತ್ತದೆ. ಬಿಳಿಯಾಗಿರುವುದನ್ನೇ ಆರಿಸಿ, ಕೆಂಪು ಗೆರೆ ಇರುವ ಹೆಂಟೆಗಳನ್ನು ಬಿಡಿ. ಹಂಚಿನ ಮಣ್ಣಿನಲ್ಲಿ ಕಬ್ಬಿಣ ಇನ್ನೂ ಜಾಸ್ತಿ. ಮಂಗಳೂರು ಹಂಚಿಗೆ ಆ ಕೆಂಪು ಬಂದದ್ದೇ ಅದರಿಂದ. ನಮ್ಮ ಕೆಲಸಕ್ಕೆ ಅದು ಬೇಡ.

ಬಯಲುಸೀಮೆಯ ಎರೆಮಣ್ಣಿಗೆ ಬೇರೆ ದಾರಿ ಇದೆ, ಕೊನೆಗೆ ಹೇಳುತ್ತೇನೆ.

ಸಾಮಾನು ಮತ್ತು ಎಚ್ಚರಿಕೆ

700 ಡಿಗ್ರಿ ಮುಟ್ಟುವ ಮಫಲ್ ಫರ್ನೇಸ್, 95 ಡಿಗ್ರಿಯಲ್ಲಿ ನಿಲ್ಲುವ ಓವನ್, 75 ಮೈಕ್ರಾನ್ ಜರಡಿ, ತಕ್ಕಡಿ, ಪಿಎಚ್ ಮೀಟರ್, ಸೋಸಲು ಬುಕ್ನರ್ ಫನಲ್ ಅಥವಾ ಸೆಂಟ್ರಿಫ್ಯೂಜ್ ಬೇಕು. ಬೇಯಿಸಲು 500 ಮಿಲಿಯ ಪಾಲಿಪ್ರೊಪಿಲೀನ್ ಬಾಟಲಿ, ಗಟ್ಟಿ ಮುಚ್ಚಳ ಇರುವಂಥದ್ದು. ನೀರಿನ ಬಾಟಲಿ ಬೇಡ, ಬಿಸಿ ಕಾಸ್ಟಿಕ್‌ಗೆ ಆ ಪ್ಲಾಸ್ಟಿಕ್ ತಡೆಯದು. ಗಾಜೂ ಬೇಡ. ಬಿಸಿ ಕಾಸ್ಟಿಕ್ ಗಾಜಿನಿಂದ ಸಿಲಿಕಾ ಕರಗಿಸುತ್ತದೆ, ನಿಮ್ಮ ಸಮಸಮ ಲೆಕ್ಕ ತಪ್ಪುತ್ತದೆ.

ಅಲ್ಯೂಮಿನಿಯಂ ಪಾತ್ರೆಯನ್ನಂತೂ ಹತ್ತಿರ ತರಬೇಡಿ. ಒಂದು ವರ್ಷ ಒಂದು ತಂಡ ಬಾಟಲಿಯ ಮುಚ್ಚಳ ಕಳೆದುಕೊಂಡು, ಅಡುಗೆಮನೆಯ ಫಾಯಿಲ್ ಸುತ್ತಿ ಓವನ್‌ನಲ್ಲಿ ಇಟ್ಟಿತ್ತು. ಬೆಳಿಗ್ಗೆ ನೋಡಿದರೆ ಫಾಯಿಲ್ ಇಲ್ಲ, ಓವನ್ ತುಂಬ ಬಿಳಿ ಕಲೆ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನು ತಿಂದು ಹೈಡ್ರೋಜನ್ ಬಿಡುತ್ತದೆ. ಪುಣ್ಯಕ್ಕೆ ಕಿಡಿ ತಾಗಲಿಲ್ಲ.

ಕನ್ನಡಕ, ನೈಟ್ರೈಲ್ ಕೈಗವಸು, ಕೋಟು ಕಡ್ಡಾಯ. ಕಾಸ್ಟಿಕ್ ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ಹಾರಿತೋ, ಕೂಡಲೇ ಹರಿಯುವ ನೀರಿನಲ್ಲಿ 15–20 ನಿಮಿಷ ಬಿಡದೆ ತೊಳೆದು ಆಸ್ಪತ್ರೆಗೆ ಹೋಗಬೇಕು. ಒಣ ಮಣ್ಣಿನ ಧೂಳಿಗೆ ಮಾಸ್ಕ್ ಹಾಕಿ, ಅದರಲ್ಲಿ ಸಿಲಿಕಾ ಇರುತ್ತದೆ. ಇದನ್ನೆಲ್ಲ ಮನೆಯ ಒಲೆಯ ಮೇಲೆ ಮಾಡುವ ಯೋಚನೆ ಬೇಡ.

ಹಂತ 1: ಮಣ್ಣು ತೊಳೆಯುವುದು

ಅಂಗಡಿಯ ಕಯೋಲಿನ್ ಆದರೆ ಈ ಹಂತ ಬಿಟ್ಟುಬಿಡಿ. ಶೇಡಿಯಾದರೆ ಅರ್ಧ ಕಿಲೋ ತೆಗೆದುಕೊಂಡು ಬಕೆಟ್‌ನಲ್ಲಿ ಐದು ಲೀಟರ್ ನೀರಿಗೆ ಹಾಕಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಕೈಯಿಂದ ಕಿವುಚಿ 75 ಮೈಕ್ರಾನ್ ಜರಡಿಯಲ್ಲಿ ಹಾಯಿಸಿ.

ಜರಡಿ ದಾಟಿ ಬಂದದ್ದನ್ನು ಚೆನ್ನಾಗಿ ಕಲಕಿ ಐದು ನಿಮಿಷ ಬಿಡಿ. ಅಷ್ಟರಲ್ಲಿ 20 ಮೈಕ್ರಾನ್‌ಗಿಂತ ದಪ್ಪ ಕಣಗಳು 10 ಸೆಂಟಿಮೀಟರ್ ಕೆಳಗೆ ಇಳಿದಿರುತ್ತವೆ. ಮೇಲಿನ 10 ಸೆಂಟಿಮೀಟರ್ ಹಾಲಿನಂಥ ನೀರನ್ನು ಮಾತ್ರ ಇನ್ನೊಂದು ಬಕೆಟ್‌ಗೆ ಬಗ್ಗಿಸಿಕೊಳ್ಳಿ. ಉಳಿದದ್ದಕ್ಕೆ ಮತ್ತೆ ನೀರು ಹಾಕಿ, ಕಲಕಿ, ಬಗ್ಗಿಸಿ. ಮೂರು ನಾಲ್ಕು ಸಲ ಸಾಕು. ಅಕ್ಕಿ ತೊಳೆದು ಕಲ್ಲು ಗಾಲಿಸಿದ ಹಾಗೇ, ಆದರೆ ಇಲ್ಲಿ ನಮಗೆ ಬೇಕಾದದ್ದು ಚೆಲ್ಲುವ ನೀರು.

ಹಾಲಿನಂಥ ನೀರನ್ನು ಒಂದೆರಡು ದಿನ ಬಿಟ್ಟು, ತಿಳಿ ತೆಗೆದು, ಕೆಸರನ್ನು 105 ಡಿಗ್ರಿಯಲ್ಲಿ ಒಣಗಿಸಿ ಪುಡಿ ಮಾಡಿ. ತಂದ ಮಣ್ಣಿನ ಅರ್ಧದಷ್ಟೂ ಕೈಗೆ ಬಾರದಿದ್ದರೆ ಗಾಬರಿ ಬೇಡ. ನಮ್ಮ ಮೊದಲ ಚೀಲದಲ್ಲಿ ಹೆಚ್ಚಿನ ಪಾಲು ಮರಳೇ ಇತ್ತು.

ಹಂತ 2: ಸುಡುವುದು

ಕಯೋಲಿನೈಟ್ ಸೊಗಸಾಗಿ ಜೋಡಿಸಿಟ್ಟ ಹಾಳೆಗಳ ಕಟ್ಟು. ಹಾಗೇ ಕಾಸ್ಟಿಕ್‌ಗೆ ಹಾಕಿದರೆ ಅದು ಜಗ್ಗುವುದಿಲ್ಲ. ಬೆಂಕಿ ಕೊಟ್ಟಾಗ ಒಳಗಿನ ಹೈಡ್ರಾಕ್ಸಿಲ್ ನೀರಾಗಿ ಹೊರಹೋಗಿ ಜೋಡಣೆ ಕೆಡುತ್ತದೆ. ಹೀಗೆ ಕೆಟ್ಟ ರೂಪಕ್ಕೆ ಮೆಟಾಕಯೋಲಿನ್ ಎಂದು ಹೆಸರು. ಕಾಸ್ಟಿಕ್ ಅದನ್ನು ಸುಲಭವಾಗಿ ಕರಗಿಸುತ್ತದೆ.

ಪುಡಿಯನ್ನು ಪಿಂಗಾಣಿ ತಟ್ಟೆಯಲ್ಲಿ ಒಂದು ಸೆಂಟಿಮೀಟರ್ ದಪ್ಪಕ್ಕಿಂತ ಹೆಚ್ಚಾಗದಂತೆ ಹರಡಿ. 650ರಿಂದ 700 ಡಿಗ್ರಿಗೆ ಏರಿಸಿ ಎರಡು ಗಂಟೆ ಇಡಿ. ದಪ್ಪ ಹರಡಿದರೆ ಮಧ್ಯದ ಮಣ್ಣು ಹಸಿಯಾಗೇ ಉಳಿಯುತ್ತದೆ. ಹಾಗಂತ 'ಇನ್ನೂ ಸ್ವಲ್ಪ ಇರಲಿ' ಎಂದು 950 ಡಿಗ್ರಿ ದಾಟಿಸಬೇಡಿ. ಅಲ್ಲಿ ಬೇರೆ ಗಟ್ಟಿ ಖನಿಜಗಳು ಹುಟ್ಟಲು ಶುರುವಾಗುತ್ತವೆ, ಮತ್ತೆ ಅದು ಕಾಸ್ಟಿಕ್‌ಗೆ ಬಗ್ಗದು.

ಸರಿಯಾಗಿ ಸುಟ್ಟಿದೆಯೇ ಎಂದು ತಕ್ಕಡಿ ಹೇಳುತ್ತದೆ. ಶುದ್ಧ ಕಯೋಲಿನೈಟ್ ತನ್ನ ತೂಕದ ಶೇ 14ರಷ್ಟು ಕಳೆದುಕೊಳ್ಳುತ್ತದೆ. ಅಂದರೆ 23.2 ಗ್ರಾಂ ಹಾಕಿದರೆ 20 ಗ್ರಾಂ ಸಿಗಬೇಕು. ಕಡಿಮೆ ಇಳಿದರೆ ಎರಡು ಕಾರಣ ಇರಬಹುದು: ಸುಟ್ಟದ್ದು ಸಾಲದು, ಇಲ್ಲವೇ ಮಣ್ಣಿನಲ್ಲಿ ಮರಳು ಉಳಿದಿದೆ. ಇನ್ನೊಂದು ಗಂಟೆ ಸುಟ್ಟು ಮತ್ತೆ ತೂಗಿ. ತೂಕ ಬದಲಾಗದಿದ್ದರೆ ತಪ್ಪು ಮರಳಿನದು. ಪುಡಿ ನಸುಗೆಂಪಾದರೆ ಕಬ್ಬಿಣ ಇದೆ ಎಂದರ್ಥ. ಸ್ವಲ್ಪ ಇದ್ದರೆ ತೊಂದರೆ ಇಲ್ಲ.

ಹಂತ 3: ಕಾಸ್ಟಿಕ್‌ನಲ್ಲಿ ನೆನೆಸುವುದು

ಪ್ರಯೋಗಾಲಯದ ಕಾಸ್ಟಿಕ್ ಸೋಡಾ 24 ಗ್ರಾಂ ತೂಗಿ. ಪಾಲಿಪ್ರೊಪಿಲೀನ್ ಬೀಕರ್‌ನಲ್ಲಿ 180 ಮಿಲಿ ಡಿಸ್ಟಿಲ್ಡ್ ನೀರು ತೆಗೆದುಕೊಂಡು, ಅದಕ್ಕೆ ಸ್ವಲ್ಪ ಸ್ವಲ್ಪವೇ ಹಾಕುತ್ತಾ ಕಲಕಿ. ನೀರಿಗೆ ಕಾಸ್ಟಿಕ್ ಹಾಕಬೇಕು, ಕಾಸ್ಟಿಕ್‌ಗೆ ನೀರು ಸುರಿಯಬಾರದು. ಬೀಕರ್ ಚೆನ್ನಾಗಿ ಬಿಸಿಯಾಗುತ್ತದೆ. ತಣಿದ ಮೇಲೆ 200 ಮಿಲಿಗೆ ಏರಿಸಿ. ಇದು 3 ಮೋಲಾರ್ ದ್ರಾವಣ. ಸಿಂಕ್ ಕಟ್ಟಿದಾಗ ಹಾಕುವ ಪುಡಿ ತರಬೇಡಿ, ಅದರಲ್ಲಿ ಬೇರೆ ಏನೇನೋ ಬೆರೆತಿರುತ್ತದೆ.

ಇದಕ್ಕೆ 20 ಗ್ರಾಂ ಮೆಟಾಕಯೋಲಿನ್ ಹಾಕಿ ಗಂಟಿಲ್ಲದಂತೆ ಕಲಕಿ. ರಾಗಿ ಹಿಟ್ಟು ಕದಡಿದ ಹಾಗೆ ತೆಳ್ಳಗಿರುತ್ತದೆ. ಬಾಟಲಿಗೆ ಸುರಿದು, ಮುಚ್ಚಿ, ಕೋಣೆಯ ಬಿಸಿಯಲ್ಲೇ 12ರಿಂದ 24 ಗಂಟೆ ಮೆಲ್ಲಗೆ ಕಲಕುತ್ತಾ ಇಡಿ. ಮ್ಯಾಗ್ನೆಟಿಕ್ ಸ್ಟಿರರ್ ಇಲ್ಲದಿದ್ದರೆ ಆಗಾಗ ಕುಲುಕಿದರೂ ನಡೆಯುತ್ತದೆ.

ಅವಸರ ಇರುವವರು ಈ ನೆನೆಸುವ ಹಂತವನ್ನು ಹಾರಿಸುತ್ತಾರೆ. ಹಾರಿಸಬೇಡಿ. ಈ ಹೊತ್ತಿನಲ್ಲಿ ಸಿಲಿಕಾ, ಅಲ್ಯೂಮಿನಾ ಕರಗಿ, ಸೇರಿಕೊಂಡು, ಹರಳಿನ ಸಣ್ಣ ಬೀಜಗಳು ಹುಟ್ಟುತ್ತವೆ. ಇಡ್ಲಿ ಹಿಟ್ಟು ಹುಳಿ ಬರಲು ರಾತ್ರಿ ಬಿಡುವುದಿಲ್ಲವೇ, ಹಾಗೆ. ಬೀಜ ಜಾಸ್ತಿ ಇದ್ದಷ್ಟೂ ಹರಳು ಸಣ್ಣಗೆ, ಸಮನಾಗಿ ಬರುತ್ತದೆ.

ಹಂತ 4: ಬೇಯಿಸುವುದು

ಬಾಟಲಿಯನ್ನು ಬಟ್ಟಲೊಂದರ ಒಳಗಿಟ್ಟು 95 ಡಿಗ್ರಿಯ ಓವನ್‌ಗೆ ಸೇರಿಸಿ. ಮುಚ್ಚಳ ಬಿಗಿಯಾಗಿರಲಿ, ಆದರೆ 100 ಡಿಗ್ರಿ ಮುಟ್ಟಿಸಬೇಡಿ. ಈಗ ಕಲಕಬಾರದು. ಎಂಟು ಗಂಟೆ ಸಾಕಾಗಬಹುದು. ಆದರೂ ಮೊದಲ ಸಲ 4, 8, 12 ಗಂಟೆಗೆ ಮೂರು ಬೇರೆ ಬೇರೆ ಚಿಕ್ಕ ಬಾಟಲಿ ಇಟ್ಟು ನೋಡಿ. ಮಣ್ಣಿನಿಂದ ಮಣ್ಣಿಗೆ ಹೊತ್ತು ಬದಲಾಗುತ್ತದೆ.

'ಜಾಸ್ತಿ ಬೇಯಿಸಿದರೆ ಒಳ್ಳೆಯದಲ್ವಾ ಸರ್?' ಎಂದು ಎಲ್ಲರೂ ಕೇಳುತ್ತಾರೆ. ಅಲ್ಲ. ಜಿಯೋಲೈಟ್ ಎ ಈ ದಾರಿಯ ಕೊನೆಯ ಊರಲ್ಲ, ನಡುವಿನ ನಿಲ್ದಾಣ. ಕಾಸ್ಟಿಕ್‌ನಲ್ಲಿ ಇನ್ನೂ ಬೆಂದರೆ ಅದು ಸೋಡಲೈಟ್ ಆಗಿ ಬದಲಾಗುತ್ತದೆ. ಸೋಡಲೈಟ್‌ನ ಕಿಂಡಿ ತೀರಾ ಚಿಕ್ಕದು, ಲೋಹದ ಅಯಾನು ಸಲೀಸಾಗಿ ಒಳಹೋಗದು. ಕಾಸ್ಟಿಕ್ ಜಾಸ್ತಿ ಗಟ್ಟಿಯಾದರೂ, ಬಿಸಿ ಹೆಚ್ಚಾದರೂ ಇದೇ ಗತಿ. ನನ್ನ ಮೊದಲ ಬ್ಯಾಚ್ ಶುಕ್ರವಾರ ಓವನ್‌ಗೆ ಹೋಗಿ ಸೋಮವಾರ ಹೊರಬಂತು. ಬೆಳ್ಳಗೆ, ನುಣ್ಣಗೆ, ನೋಡಲು ಬಲು ಚೆಂದ. ತಾಮ್ರದ ನೀರಿಗೆ ಹಾಕಿದರೆ ಸುಮ್ನೆ ತಳದಲ್ಲಿ ಕೂತಿತ್ತು.

ಹಂತ 5: ತೊಳೆದು ಒಣಗಿಸುವುದು

ಬಾಟಲಿ ತಣಿದ ಮೇಲೆ ತೆರೆಯಿರಿ. ಬಿಳಿ ಪುಡಿ ತಳ ಹಿಡಿದಿರುತ್ತದೆ, ಮೇಲೆ ತಿಳಿ. ಆ ತಿಳಿಯನ್ನು ಚೆಲ್ಲಬೇಡಿ. ಹಾಕಿದ 24 ಗ್ರಾಂ ಕಾಸ್ಟಿಕ್‌ನಲ್ಲಿ ಹರಳಿನೊಳಗೆ ಸೇರುವುದು 7 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದೆಲ್ಲ ಅದರಲ್ಲೇ ಇದೆ. ಆಮ್ಲದಿಂದ ಟೈಟ್ರೇಟ್ ಮಾಡಿ ಎಷ್ಟು ಕಾಸ್ಟಿಕ್ ಉಳಿದಿದೆ ಎಂದು ಅಳೆದು, ಕಮ್ಮಿ ಬಿದ್ದಷ್ಟು ಸೇರಿಸಿ ಮುಂದಿನ ಬ್ಯಾಚ್‌ಗೆ ಬಳಸಬಹುದು.

ಪುಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆಯುತ್ತಾ ಹೋಗಿ. ತೊಳೆದ ನೀರಿನ ಪಿಎಚ್ 9ರಿಂದ 10ಕ್ಕೆ ಇಳಿದರೆ ನಿಲ್ಲಿಸಿ. 7 ಬರುವ ತನಕ ತೊಳೆಯುತ್ತೇನೆ ಎಂದು ಹಟ ಹಿಡಿದರೆ ಸಂಜೆಯಾದರೂ ಮುಗಿಯದು. ಗೂಡಿನ ಸೋಡಿಯಂ ಮೆಲ್ಲಗೆ ಹೊರಬಂದು ಪಿಎಚ್ ಏರಿಸುತ್ತಲೇ ಇರುತ್ತದೆ. ಆಮೇಲೆ 105 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿಸಿ.

20 ಗ್ರಾಂ ಮೆಟಾಕಯೋಲಿನ್‌ನಿಂದ ತೇವ ಸೇರಿ 33 ಗ್ರಾಂವರೆಗೆ ಬರಬಹುದು. ಮಣ್ಣಿಗಿಂತ ಪುಡಿ ಜಾಸ್ತಿ ಬಂತಲ್ಲ ಎಂದು ಬೆರಗಾಗಬೇಡಿ. ಸೋಡಿಯಂ ಮತ್ತು ನೀರು ಒಳಸೇರಿದ ತೂಕ ಅದು.

ಜಿಯೋಲೈಟ್ ಹೌದೋ ಅಲ್ಲವೋ

ಮೆಟಾಕಯೋಲಿನ್, ಜಿಯೋಲೈಟ್, ಸೋಡಲೈಟ್ ಮೂರೂ ಬಿಳಿ ಪುಡಿಗಳು. ಕಣ್ಣು ಇಲ್ಲಿ ಸಾಕ್ಷಿ ಹೇಳದು.

ಎಕ್ಸ್‌ಆರ್‌ಡಿ, ಅಂದರೆ ಎಕ್ಸ್-ಕಿರಣ ಹಾಯಿಸಿ ಹರಳಿನ ಜೋಡಣೆ ಗುರುತಿಸುವ ಪರೀಕ್ಷೆ, ಮಾಡಿಸುವುದು ಒಳ್ಳೆಯದು. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕಟ್ಟಿದರೆ ಮಾಡಿಕೊಡುತ್ತಾರೆ. ತಾಮ್ರದ ಕೆ-ಆಲ್ಫಾ ಕಿರಣದಲ್ಲಿ ಜಿಯೋಲೈಟ್ ಎ 7.2, 10.2, 12.5, 16.1, 21.7, 24.0, 27.1, 29.9 ಡಿಗ್ರಿ ಕೋನಗಳಲ್ಲಿ (2θ) ಮೊನೆ ತೋರಿಸುತ್ತದೆ. ಇಲ್ಲೊಂದು ಗುಂಡಿ ಇದೆ. ಹಸಿ ಕಯೋಲಿನೈಟ್‌ನ ದೊಡ್ಡ ಮೊನೆ 12.4ರ ಹತ್ತಿರವೇ ಬರುತ್ತದೆ. ಸುಡದೆ ಉಳಿದ ಮಣ್ಣಿನ ಮೊನೆಯನ್ನೇ ಜಿಯೋಲೈಟ್ ಎಂದು ರಿಪೋರ್ಟ್‌ನಲ್ಲಿ ಬರೆದವರನ್ನು ಕಂಡಿದ್ದೇನೆ. 7.2 ಮತ್ತು 10.2 ಇವೆಯೇ ಎಂದು ಮೊದಲು ನೋಡಿ. 14 ಮತ್ತು 24.5ರ ಬಳಿ ಎದ್ದರೆ ಅದು ಸೋಡಲೈಟ್. 26.6ರಲ್ಲಿ ಚೂಪಾಗಿ ನಿಂತದ್ದು ಮರಳು, ಅಂದರೆ ಕ್ವಾರ್ಟ್ಸ್.

ಎಕ್ಸ್‌ಆರ್‌ಡಿ ಕೈಗೆಟುಕದವರಿಗೆ ಎರಡು ಉಪಾಯ ಇವೆ. ಪುಡಿಯನ್ನು 300 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಗಾಳಿ ಆಡದ ಡಬ್ಬಿಯಲ್ಲಿ ತಣಿಸಿ. ಅದರ 5 ಗ್ರಾಂ ಅನ್ನು 10 ಮಿಲಿ ನೀರಿಗೆ ಒಮ್ಮೆಲೇ ಹಾಕಿ ಥರ್ಮಾಮೀಟರ್ ನೋಡಿ. ಒಳ್ಳೆಯ ಜಿಯೋಲೈಟ್ ಎ ಆದರೆ ಖಾಲಿ ಕೋಣೆಗಳಿಗೆ ನೀರು ನುಗ್ಗಿ, ಪಾತ್ರೆ ಕೈಗೆ ಗೊತ್ತಾಗುವಷ್ಟು ಬಿಸಿಯಾಗುತ್ತದೆ. ಪಕ್ಕದಲ್ಲೇ ಮೆಟಾಕಯೋಲಿನ್ ಇಟ್ಟು ಹೋಲಿಸಿ. ಕ್ರೋನ್‌ಸ್ಟೆಡ್‌ನ ಕುದಿಯುವ ಕಲ್ಲನ್ನು ತಿರುವಿ ಹಾಕಿದಂತೆ ಇದು.

ಎರಡನೆಯದು ಗಡಸು ನೀರಿನ ಪರೀಕ್ಷೆ. ಬೋರ್‌ವೆಲ್ ನೀರು 100 ಮಿಲಿಗೆ ಅರ್ಧ ಗ್ರಾಂ ಪುಡಿ ಹಾಕಿ ಅರ್ಧ ಗಂಟೆ ಕುಲುಕಿ, ಸೋಸಿ. ಮೊದಲಿನ ನೀರು ಮತ್ತು ಸೋಸಿದ ನೀರು ಎರಡಕ್ಕೂ ಗಡಸುತನ ಅಳೆಯುವ ಇಡಿಟಿಎ ಟೈಟ್ರೇಷನ್ ಮಾಡಿ. ಗಡಸುತನ ಕುಸಿದಿದ್ದರೆ ಗೂಡು ಕೆಲಸ ಮಾಡುತ್ತಿದೆ. ಬಟ್ಟೆ ಒಗೆಯುವ ಪುಡಿಗಳಲ್ಲಿ ಫಾಸ್ಫೇಟ್ ಬದಲು ಜಿಯೋಲೈಟ್ ಎ ಹಾಕುವುದೂ ಇದಕ್ಕೇ.

ತಾಮ್ರ ಹಿಡಿಸಿ ನೋಡುವುದು

ಸೀಸದ ನೈಟ್ರೇಟ್ ವಿಷ, ಕಲಿಯುವವರಿಗೆ ಬೇಡ. ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ತೆಗೆದುಕೊಳ್ಳಿ, ಅಡಿಕೆ ತೋಟದವರಿಗೆಲ್ಲ ಗೊತ್ತಿರುವುದೇ. 0.393 ಗ್ರಾಂ ಮೈಲುತುತ್ತನ್ನು ಒಂದು ಲೀಟರ್ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿದರೆ ಲೀಟರಿಗೆ 100 ಮಿಲಿಗ್ರಾಂ ತಾಮ್ರ. ಐದು ಫ್ಲಾಸ್ಕ್‌ಗಳಲ್ಲಿ ಇದರ ತಲಾ 100 ಮಿಲಿಗೆ 0.1 ಗ್ರಾಂ ಪುಡಿ ಹಾಕಿ ಕುಲುಕಿ. 5, 15, 30, 60, 120 ನಿಮಿಷಕ್ಕೆ ಒಂದೊಂದು ಫ್ಲಾಸ್ಕ್ ತೆಗೆದು ಸೋಸಿ. ಸೋಸು ಕಾಗದವೂ ಸ್ವಲ್ಪ ತಾಮ್ರ ಹೀರುತ್ತದೆ, ಮೊದಲ ಕೆಲವು ಮಿಲಿ ಚೆಲ್ಲಿ.

ಅಳೆಯಲು ಎಎಎಸ್ (ಲೋಹದ ಪ್ರಮಾಣ ಓದುವ ಅಟಾಮಿಕ್ ಅಬ್ಸಾರ್ಪ್ಶನ್ ಯಂತ್ರ) ಇದ್ದರೆ 324.7 ನ್ಯಾನೋಮೀಟರ್‌ನಲ್ಲಿ ಓದಿ. ಇಲ್ಲದಿದ್ದರೆ ಅಮೋನಿಯಾ ಹಾಕಿ. ತಾಮ್ರ ಕಡುನೀಲಿ ಆಗುತ್ತದೆ. ಗೊತ್ತಿರುವ ಪ್ರಮಾಣದ ದ್ರಾವಣಗಳ ಸಾಲು ಮಾಡಿಟ್ಟುಕೊಂಡು, ಉದ್ದ ಕೊಳವೆಯಲ್ಲಿ ಮೇಲಿನಿಂದ ಇಣುಕಿ ಹೋಲಿಸಿ. ಪುಡಿ ಕೂಡ ತಿಳಿನೀಲಿಗೆ ತಿರುಗಿರುತ್ತದೆ.

ಲೆಕ್ಕ ಸುಲಭ. 100 ಇದ್ದದ್ದು 12ಕ್ಕೆ ಇಳಿಯಿತು ಎಂದುಕೊಳ್ಳಿ. ತೆಗೆದದ್ದು ಶೇ 88. ಪುಡಿಯ ಒಂದು ಗ್ರಾಂ ಹಿಡಿದದ್ದು 88 ಮಿಲಿಗ್ರಾಂ.

ಇಷ್ಟಕ್ಕೇ ಚಪ್ಪಾಳೆ ತಟ್ಟಿ ಹೊರಟುಬಿಡುತ್ತಾರೆ. ನಿಲ್ಲಿ, ಪಿಎಚ್ ನೋಡಿದಿರಾ? ಈ ಪುಡಿ ಕ್ಷಾರೀಯ. ನೀರಿಗೆ ಬಿದ್ದ ಕೂಡಲೇ ಪಿಎಚ್ ಏರಿಸುತ್ತದೆ. ಲೀಟರಿಗೆ 100 ಮಿಲಿಗ್ರಾಂ ತಾಮ್ರ ಇರುವ ನೀರಿನಲ್ಲಿ ಪಿಎಚ್ 5.5 ದಾಟಿತೆಂದರೆ ತಾಮ್ರದ ಹೈಡ್ರಾಕ್ಸೈಡ್ ತಾನಾಗಿಯೇ ಗರಣೆಗಟ್ಟಲು ಶುರು. ಸೋಸಿದಾಗ ಅದೂ ಕಾಗದದ ಮೇಲೇ ಉಳಿಯುತ್ತದೆ. ಹಿಡಿದದ್ದು ಜಿಯೋಲೈಟೋ, ತೊಳೆಯದೆ ಉಳಿದ ಕಾಸ್ಟಿಕ್ಕೋ ಹೇಗೆ ಹೇಳುವುದು? ಬರಿಯ ಸುಣ್ಣದ ನೀರು ಹಾಕಿದ್ದರೂ ಅದೇ ಫಲ ಬರುತ್ತಿತ್ತು.

ಆದ್ದರಿಂದ ಪ್ರತಿ ಸಲ ಮೂರು ಫ್ಲಾಸ್ಕ್ ಇಡಿ. ಒಂದರಲ್ಲಿ ಜಿಯೋಲೈಟ್. ಇನ್ನೊಂದರಲ್ಲಿ ಅಷ್ಟೇ ತೂಕದ ಹಸಿ ಮಣ್ಣು. ಮೂರನೆಯದರಲ್ಲಿ ಪುಡಿಯೇ ಇಲ್ಲ, ಮೊದಲ ಫ್ಲಾಸ್ಕ್‌ನ ಕೊನೆಯ ಪಿಎಚ್ ಎಷ್ಟಿತ್ತೋ ಅಷ್ಟಕ್ಕೆ ಕಾಸ್ಟಿಕ್ ಹನಿಸಿದ ತಾಮ್ರದ ನೀರು. ಮೂರನೆಯದರಲ್ಲೂ ತಾಮ್ರ ಮಾಯವಾದರೆ ನಿಮ್ಮ ಶೇ 88ಕ್ಕೆ ಬೆಲೆ ಇಲ್ಲ. ಆಗ ತುಂಬಾ ತೆಳುವಾದ ನೈಟ್ರಿಕ್ ಆಮ್ಲದ ಹನಿಗಳಿಂದ ಪಿಎಚ್ ಅನ್ನು 5ರ ಸುತ್ತ ಹಿಡಿದುಕೊಂಡು ಮತ್ತೆ ಮಾಡಿ. 4ಕ್ಕಿಂತ ಕೆಳಗೆ ಇಳಿಸಬೇಡಿ. ಅಲ್ಯೂಮಿನಿಯಂ ಇಷ್ಟು ಜಾಸ್ತಿ ಇರುವ ಗೂಡು ಆಮ್ಲದಲ್ಲಿ ಕರಗತೊಡಗುತ್ತದೆ.

ಫ್ಲೇಮ್ ಫೋಟೋಮೀಟರ್ ಇರುವ ಕಾಲೇಜಿನವರು ಸೋಡಿಯಂ ಕೂಡ ಅಳೆಯಿರಿ. ಲೀಟರಿಗೆ 100 ಮಿಲಿಗ್ರಾಂ ತಾಮ್ರ ಪೂರ್ತಿ ವಿನಿಮಯವಾದರೆ 72 ಮಿಲಿಗ್ರಾಂ ಸೋಡಿಯಂ ಹೊರಬರಬೇಕು. ಪುಡಿಯನ್ನು ಬರೀ ನೀರಿಗೆ ಹಾಕಿದಾಗ ಬರುವ ಸೋಡಿಯಂ ಅನ್ನು ಅದರಿಂದ ಕಳೆಯಲು ಮರೆಯಬೇಡಿ. ಲೆಕ್ಕ ಹತ್ತಿರ ಹತ್ತಿರ ಬಂದರೆ ಸೀಟು ಬದಲಾದದ್ದಕ್ಕೆ ಟಿಕೆಟ್ ಸಿಕ್ಕಿತು.

ನಿಜವಾದ ನೀರಿನಲ್ಲಿ

ಡಿಸ್ಟಿಲ್ಡ್ ನೀರಿನಲ್ಲಿ ಗೆದ್ದ ಪುಡಿ ಬೋರ್‌ವೆಲ್ ನೀರಿನಲ್ಲಿ ಸೋಲುವುದುಂಟು. 300 ಮಿಲಿಗ್ರಾಂ ಗಡಸುತನದ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಒಂದು ಲೀಟರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿ 6 ಮಿಲಿ ಈಕ್ವಿವಲೆಂಟ್. ಒಂದು ಗ್ರಾಂ ಪುಡಿಯ ಪೂರ್ತಿ ಸಾಮರ್ಥ್ಯ 5.5. ಆ ನೀರಿನಲ್ಲಿ 5 ಮಿಲಿಗ್ರಾಂ ತಾಮ್ರ ಇದ್ದರೆ ಅದು 0.16 ಮಾತ್ರ. ಸೀಟಿಗಾಗಿ ನೂಕುನುಗ್ಗಲು. ಸೀಸಕ್ಕೆ ಈ ಗೂಡಿನಲ್ಲಿ ಒಲವು ಜಾಸ್ತಿ, ಅದು ಕ್ಯಾಲ್ಸಿಯಂ ಅನ್ನು ತಳ್ಳಿ ಕೂರುತ್ತದೆ. ನಿಕ್ಕಲ್ ತನ್ನ ಸುತ್ತಲಿನ ನೀರಿನ ಅಣುಗಳನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಹಿಂದೆ ಬೀಳುತ್ತದೆ. ನಿಮ್ಮೂರಿನ ನೀರಿನಲ್ಲೇ ಬೇಕಾದ ಲೋಹ ಬೆರೆಸಿ ಪರೀಕ್ಷಿಸದೆ ಯಾವ ಅಂಕಿಯನ್ನೂ ಹೇಳಬೇಡಿ.

ಇನ್ನೊಂದು ತಾಪತ್ರಯ, ಪುಡಿ ತೀರಾ ನುಣುಪು. ಕೊಳವೆಯಲ್ಲಿ ತುಂಬಿ ನೀರು ಬಿಟ್ಟರೆ ಕಟ್ಟಿಕೊಳ್ಳುತ್ತದೆ. ಶೇ 20ರಷ್ಟು ಹಸಿ ಮಣ್ಣು ಬೆರೆಸಿ, ನಾದಿ, ಸಂಡಿಗೆಯ ಒರಳಿನಲ್ಲಿ ಒತ್ತಿ, ಚೂರು ಮಾಡಿ ಒಣಗಿಸಿ 550 ಡಿಗ್ರಿಯಲ್ಲಿ ಸುಟ್ಟರೆ ಕಾಳು ಸಿಗುತ್ತದೆ. ಸಾಮರ್ಥ್ಯ ಸ್ವಲ್ಪ ಇಳಿಯುತ್ತದೆ, ನೀರು ಹರಿಯುತ್ತದೆ. ಒರಳನ್ನು ಮತ್ತೆ ಅಡುಗೆಮನೆಗೆ ಒಯ್ಯಬೇಡಿ.

ಎರೆಮಣ್ಣು ಇದ್ದವರಿಗೆ

ಎರೆಮಣ್ಣಿನ ಮುಖ್ಯ ಖನಿಜ ಮಾಂಟ್‌ಮೊರಿಲೊನೈಟ್. ಅದರಲ್ಲಿ ಸಿಲಿಕಾನ್ ಅಲ್ಯೂಮಿನಿಯಂನ ಎರಡು ಪಟ್ಟು. ಬರಿಯ ಸುಡುವಿಕೆಗೆ ಅದು ಸರಿಯಾಗಿ ಬಗ್ಗದು. ಒಣ ಮಣ್ಣಿನ ತೂಕದ 1.2 ಪಟ್ಟು ಕಾಸ್ಟಿಕ್ ಬೆರೆಸಿ, ನಿಕ್ಕಲ್ ಮೂಸೆಯಲ್ಲಿ 550–600 ಡಿಗ್ರಿಯಲ್ಲಿ ಒಂದೆರಡು ಗಂಟೆ ಕರಗಿಸಬೇಕು. ಪಿಂಗಾಣಿ ಮೂಸೆಯನ್ನು ಕಾಸ್ಟಿಕ್ ತಿಂದುಬಿಡುತ್ತದೆ. ತಣಿದ ಮುದ್ದೆಯನ್ನು ಪುಡಿ ಮಾಡಿ, ನೀರಿನಲ್ಲಿ ರಾತ್ರಿಯಿಡೀ ಕಲಕಿ, 90 ಡಿಗ್ರಿಯಲ್ಲಿ ಬೇಯಿಸಿ. ಸಿಗುವುದು ಹೆಚ್ಚಾಗಿ ಜಿಯೋಲೈಟ್ ಎಕ್ಸ್ ಅಥವಾ ಪಿ, ಕೆಲವೊಮ್ಮೆ ಎರಡರ ಕಲಬೆರಕೆ. ಇದು ಎರಡನೇ ವರ್ಷದ ಪ್ರಾಜೆಕ್ಟ್, ಮೊದಲನೆಯದಲ್ಲ.

ನೀಲಿ ಪುಡಿಯನ್ನು ಏನು ಮಾಡುವುದು

ತಾಮ್ರ ಹಿಡಿದ ಪುಡಿಯನ್ನು ಕಸದ ಬುಟ್ಟಿಗೆ ಹಾಕಿದರೆ ಮಾಡಿದ ಕೆಲಸವೆಲ್ಲ ನೀರಿಗೆ ಹೋದ ಹಾಗೆ, ಅದೂ ಅಕ್ಷರಶಃ. ತೋಟದ ಮನೆಯ ಹುಡುಗನೊಬ್ಬ ಕೇಳಿದ: 'ಸರ್, ಕೊಳೆರೋಗಕ್ಕೆ ನಾವು ಹೊಡೆಯೋದೂ ಇದೇ ಮೈಲುತುತ್ತು ಅಲ್ವಾ? ತೋಟಕ್ಕೇ ಹಾಕಿದರೆ?' ಪ್ರಶ್ನೆ ಜಾಣತನದ್ದೇ. ಆದರೆ ವರ್ಷವರ್ಷವೂ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆದ ತೋಟದ ಮಣ್ಣಿನಲ್ಲಿ ತಾಮ್ರ ಆಗಲೇ ಸೇರಿಕೊಂಡಿರುತ್ತದೆ. ಅದರ ಮೇಲೆ ಇನ್ನಷ್ಟು ಬೇಡ ಎಂದೆ.

ಪುಡಿಯನ್ನು ಒಂದು ಲೀಟರಿಗೆ 58 ಗ್ರಾಂ ಉಪ್ಪು ಕರಗಿಸಿದ ನೀರಿನಲ್ಲಿ ಎರಡು ಮೂರು ಸಲ ಕುಲುಕಿದರೆ ತಾಮ್ರ ಬಹುಪಾಲು ಬಿಡುತ್ತದೆ, ಸೋಡಿಯಂ ಮತ್ತೆ ಕೂರುತ್ತದೆ. ಪ್ರತಿ ಸುತ್ತಿನಲ್ಲೂ ಸಾಮರ್ಥ್ಯ ಅಳೆದು ಬರೆದಿಡಿ. ಉಪ್ಪು ನೀರಿಗೆ ಇಳಿದ ತಾಮ್ರಕ್ಕೆ ಸುಣ್ಣದ ನೀರು ಹಾಕಿ ಪಿಎಚ್ 9ಕ್ಕೆ ಏರಿಸಿ. ನೀಲಿ ಗರಣೆ ತಳ ಹಿಡಿಯುತ್ತದೆ. ಅದನ್ನು ಸೋಸಿ, ಒಣಗಿಸಿ, ಡಬ್ಬಿಗೆ ತುಂಬಿ, ಲೋಹದ ಹೆಸರು, ತೂಕ, ತಾರೀಕು ಬರೆದು ಪ್ರಯೋಗಾಲಯದ ಅಪಾಯಕಾರಿ ತ್ಯಾಜ್ಯದ ಕಪಾಟಿಗೆ ಸೇರಿಸಿ. ನಮ್ಮ ಕಪಾಟಿನಲ್ಲಿ ಐದು ವರ್ಷದ ಡಬ್ಬಿಗಳು ಸಾಲಾಗಿ ಕೂತಿವೆ. ಎಲ್ಲ ಸೇರಿ ಒಂದು ಕಿಲೋ ಕೂಡ ಇಲ್ಲ.